ಹಳೆಯ ಟಪಾಲು, ಇಂದಿನ ಠಸ್ಸೆ

"ಬೀಗದ ಕೈ ಎಲ್ಲಿಟ್ಟೆ ಕೂಸೇ?" ಎಂದು ಸೋದರಮಾವ ಕೇಳಿದಾಗ ವಾರ್ಡಿನ ಗೋಡೆ ಗಡಿಯಾರ ನಾಲ್ಕೂಮುಕ್ಕಾಲು ತೋರಿಸುತ್ತಿತ್ತು. ಯಾವ ಬೀಗದ ಕೈ ಎಂದೆ. "ಆಫೀಸಿನದು. ಮೊದಲ ಬಸ್ಸಿಗೆ ಚೀಲ ಬರುತ್ತದೆ. ಬಾಗಿಲು ತೆರೆಯದೆ ಹೋದರೆ ಕಂಡಕ್ಟರ್ ಚೀಲವನ್ನು ಹೋಟೆಲಿನವನ ಕೈಗೆ ಕೊಟ್ಟು ಹೋಗುತ್ತಾನೆ, ಗೊತ್ತಲ್ಲ?" ಎನ್ನುತ್ತಲೇ ಕೈಯಲ್ಲಿದ್ದ ಡ್ರಿಪ್ಪಿನ ಸೂಜಿಯನ್ನು ಕಿತ್ತು ಮಂಚದಿಂದ ಕಾಲು ಕೆಳಗಿಟ್ಟರು. ಹಾಸಿಗೆಯ ಮೇಲೆ ರಕ್ತ. ನಾನು ಓಡಿಹೋಗಿ ನರ್ಸನ್ನು ಕರೆತರುವಷ್ಟರಲ್ಲಿ ಅವರು ಪಕ್ಕದ ಮಂಚದವರನ್ನು ಎಬ್ಬಿಸಿ, ಮನಿಯಾರ್ಡರ್ ಬಂದಿದೆ, ಹೆಬ್ಬೆಟ್ಟು ಒತ್ತಬೇಕಾಗುತ್ತದೆ ಎಂದು ವಿವರಿಸುತ್ತಿದ್ದರು.

ಇದು 2022ರ ಫೆಬ್ರವರಿ ಕೊನೆಯ ಮಾತು. ಮಾವ ತೀರ್ಥಹಳ್ಳಿ ಕಡೆಯ ಹಳ್ಳಿಯೊಂದರಲ್ಲಿ ಪೋಸ್ಟ್ ಮಾಸ್ಟರ್ ಆಗಿದ್ದವರು. ನಿವೃತ್ತರಾದದ್ದು 2016ರ ಮೇ 31ರಂದು. ಆ ದಿನದ ಹಾರ, ಶಾಲು, ಗಂಧದ ಪೆಟ್ಟಿಗೆಯ ಫೋಟೊ ಅವರ ಮನೆಯ ಜಗಲಿಯಲ್ಲಿ ಇಂದಿಗೂ ಇದೆ. ಮಿದುಳಿನ ಮುಂಭಾಗದ ರಕ್ತನಾಳವೊಂದರ ಗೋಡೆ ಬಲೂನಿನಂತೆ ಉಬ್ಬಿಕೊಂಡು ಒಡೆದಿತ್ತು. ಶಿವಮೊಗ್ಗದಿಂದ ಬೆಂಗಳೂರಿಗೆ ತಂದು, ತಲೆ ತೆರೆದು, ಉಬ್ಬಿನ ಬುಡಕ್ಕೆ ಕ್ಲಿಪ್ ಹಾಕಿದರು. ಬದುಕಿದರು. ಎರಡು ವಾರಕ್ಕೆ ಮಾತು ಬಂತು. ಮಾತು ಬಂದ ಸಂತೋಷ ಮುಗಿಯುವ ಮೊದಲೇ ಆ ಮಾತುಗಳು ಯಾವ ಕಾಲಕ್ಕೆ ಸೇರಿದವು ಎಂಬ ಗೊಂದಲ ಶುರುವಾಯಿತು.

ನಿನ್ನೆ ರಾತ್ರಿ ಏನು ತಿಂದಿರಿ ಎಂದು ಡಾಕ್ಟರು ಕೇಳಿದರೆ, ತೋಟದ ಅಡಿಕೆ ಕೊನೆಕೊಯ್ಲು ಮುಗಿಸಿ ಬಂದು ಕೆಸುವಿನೆಲೆಯ ಪತ್ರೊಡೆ ತಿಂದೆ ಎನ್ನುತ್ತಿದ್ದರು. ಕೊನೆಕೊಯ್ಲಿನ ಕಾಲಕ್ಕೂ ಪತ್ರೊಡೆಯ ಕಾಲಕ್ಕೂ ಕೂಡಿಬರುವುದಿಲ್ಲ ಎಂದು ಮಲೆನಾಡಿನ ಯಾರಿಗಾದರೂ ತಿಳಿಯುತ್ತದೆ, ಡಾಕ್ಟರಿಗೆ ತಿಳಿಯಲಿಲ್ಲ. ಅವರು ತಲೆಯಾಡಿಸಿ, "ಚೆನ್ನಾಗಿ ಮಾತಾಡುತ್ತಿದ್ದಾರೆ" ಎಂದು ಬರೆದುಕೊಂಡು ಹೋದರು. ನೋಡಲು ಬಂದ ನೆಂಟರೊಬ್ಬರು ಹೊರಗೆ ಬಂದು ನನ್ನ ಕಿವಿಯಲ್ಲಿ, "ಇಷ್ಟು ವರ್ಷ ಒಂದು ಸುಳ್ಳು ಹೇಳದ ಮನುಷ್ಯ, ಈಗೇಕೆ ಹೀಗೆ?" ಎಂದರು. ನನಗೆ ಸಿಟ್ಟು ಬಂದದ್ದು ಆಗಲೇ. ಆದರೆ ಸುಳ್ಳಲ್ಲದಿದ್ದರೆ ಇದು ಏನು ಎಂದು ಹೇಳುವುದಕ್ಕೆ ನನ್ನ ಬಳಿಯೂ ಮಾತಿರಲಿಲ್ಲ.

ವೈದ್ಯರು ಇದನ್ನು ಕನ್ಫ್ಯಾಬ್ಯುಲೇಷನ್ ಎನ್ನುತ್ತಾರೆ. ಲ್ಯಾಟಿನ್ನಿನ 'ಕತೆ' ಎಂಬ ಪದದಿಂದ ಬಂದದ್ದು. ಕನ್ನಡದಲ್ಲಿ ಕೆಲವರು 'ಕಟ್ಟುಕತೆ' ಎಂದು ಬರೆಯುವುದನ್ನು ಕಂಡಿದ್ದೇನೆ, ನನಗೆ ಒಪ್ಪಿಗೆಯಿಲ್ಲ. ಕಟ್ಟುವವನಿಗೆ ತಾನು ಕಟ್ಟುತ್ತಿದ್ದೇನೆ ಎಂದು ಗೊತ್ತಿರುತ್ತದೆ. ಮಾವನಿಗೆ ಗೊತ್ತಿರಲಿಲ್ಲ. 'ಹುಸಿನೆನಪು' ಎಂದರೆ ಸ್ವಲ್ಪ ಹತ್ತಿರ. ಹುಸಿನಗೆ, ಹುಸಿಮುನಿಸು ಎನ್ನುವಾಗ ಅಲ್ಲಿ ಮೋಸದ ವಾಸನೆ ಬರುವುದಿಲ್ಲವಲ್ಲ. ಟೊರಾಂಟೋದ ಮಾರಿಸ್ ಮಾಸ್ಕೋವಿಚ್ ಎಂಬ ಮನೋವಿಜ್ಞಾನಿ 1989ರಲ್ಲಿ ಇದನ್ನು 'ಪ್ರಾಮಾಣಿಕ ಸುಳ್ಳು' ಎಂದು ಕರೆದರು. ಅವರು ದಾಖಲಿಸಿದ ರೋಗಿಯೊಬ್ಬನ ತಲೆಯಲ್ಲೂ ಮಾವನಿಗೆ ಒಡೆದ ಜಾಗದ ರಕ್ತನಾಳವೇ ಒಡೆದಿತ್ತು. ಮದುವೆಯಾಗಿ ಎಷ್ಟು ಕಾಲವಾಯಿತು ಎಂದರೆ ಸುಮಾರು ನಾಲ್ಕು ತಿಂಗಳು ಎನ್ನುತ್ತಾನೆ. ಮಕ್ಕಳೆಷ್ಟು? ನಾಲ್ಕು. ಹೇಳಿ ತಾನೇ ನಗುತ್ತಾನೆ, ನಾಲ್ಕು ತಿಂಗಳಿಗೆ ಇದು ಅಡ್ಡಿಯಿಲ್ಲ ಎಂದು. ದೊಡ್ಡವನಿಗೆ 32 ವರ್ಷ. ಅದು ಹೇಗೆ ಸಾಧ್ಯ ಎಂದು ಕೇಳಿದರೆ, ದತ್ತು ತೆಗೆದುಕೊಂಡದ್ದು ಎನ್ನುತ್ತಾನೆ. ಇದು ವಿಚಿತ್ರವೆನಿಸುವುದಿಲ್ಲವೇ ಎಂದರೆ, ಸ್ವಲ್ಪ ವಿಚಿತ್ರವೇ ಎಂದು ಒಪ್ಪುತ್ತಾನೆ. ಒಪ್ಪುತ್ತಾನೆ, ಬಿಡುವುದಿಲ್ಲ. ಇದನ್ನು ಓದಿದ ರಾತ್ರಿ ನಾನು ನಕ್ಕೆ, ಮತ್ತೆ ಸ್ವಲ್ಪ ಅತ್ತೆ.

ಮಾವನೂ ಹಾಗೆಯೇ ಮಾಡುತ್ತಿದ್ದರು. ಒಂದು ದಿನ ಸಾಗರದಿಂದ ತಂತಿ, ಅಂದರೆ ಟೆಲಿಗ್ರಾಂ, ಬಂದಿದೆ ಎಂದರು. ನಮ್ಮ ದೇಶದಲ್ಲಿ ತಂತಿ ಸೇವೆ ನಿಂತದ್ದು 2013ರ ಜುಲೈಯಲ್ಲಿ, ಅವರೇ ಸೇವೆಯಲ್ಲಿದ್ದಾಗ. ಅದನ್ನು ನೆನಪಿಸಿದೆ. ಒಂದು ಕ್ಷಣ ಹುಬ್ಬು ಗಂಟಿಕ್ಕಿ ನೋಡಿ, "ಅದು ನಿಂತದ್ದು ಪಟ್ಟಣಗಳಿಗೆ. ನಮ್ಮಂಥ ಹಳ್ಳಿಗೆ ಇನ್ನೂ ಇದೆ" ಎಂದರು. ಸರಕಾರಿ ಆದೇಶ ಓದಿದಷ್ಟೇ ನಿಶ್ಚಯದ ದನಿ. ನನಗೇ ಅರೆಕ್ಷಣ ಅನುಮಾನ ಬಂತು.

ಈ ರೋಗದ ಮೊದಲ ಸರಿಯಾದ ವಿವರಣೆ ಸಿಗುವುದು ರಷ್ಯಾದ ಸೆರ್ಗೆಯ್ ಕೊರ್ಸಕೋವ್ ಎಂಬ ವೈದ್ಯರಲ್ಲಿ. 1880ರ ದಶಕದ ಕೊನೆಯಲ್ಲಿ, ಹೆಚ್ಚಾಗಿ ವಿಪರೀತ ಕುಡಿತದವರಲ್ಲಿ, ಅವರು ಇದನ್ನು ಗುರುತಿಸಿದರು. ಹಾಸಿಗೆ ಬಿಟ್ಟು ಏಳದ ರೋಗಿ ನಿನ್ನೆ ಪ್ರಯಾಣ ಮಾಡಿ ಬಂದೆ ಎನ್ನುತ್ತಾನೆ. ಅದರ ಮೂಲ ಬಿ1 ಜೀವಸತ್ವದ, ಅಂದರೆ ಥಯಮಿನ್‌ನ, ಕೊರತೆ ಎಂಬುದು ಬಹಳ ಕಾಲದ ನಂತರ ತಿಳಿಯಿತು. ಇದು ಮಾವನ ಕತೆಯಲ್ಲ, ಆದರೂ ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ನಮ್ಮೂರಲ್ಲಿ ಕುಡಿದು ಕುಡಿದು, ಊಟ ಬಿಟ್ಟು, ತೂರಾಡುತ್ತ, ಕಣ್ಣುಗುಡ್ಡೆ ನೆಟ್ಟಗೆ ನಿಲ್ಲದೆ, ಏನೇನೋ ಹೇಳುವವನನ್ನು 'ಅಮಲು ಇಳಿದರೆ ಸರಿಹೋಗುತ್ತಾನೆ' ಎಂದು ಜಗಲಿಯಲ್ಲಿ ಮಲಗಿಸುತ್ತಾರೆ. ಅದು ಅಮಲಲ್ಲದೆ ಥಯಮಿನ್ ಮುಗಿದ ಸ್ಥಿತಿಯಾಗಿರಬಹುದು. ಆಗ ಗ್ಲೂಕೋಸ್ ಬಾಟಲಿ ಏರಿಸುವ ಮೊದಲು ಥಯಮಿನ್ ಇಂಜೆಕ್ಷನ್ ಕೊಡಬೇಕು, ಇಲ್ಲವಾದರೆ ಇದ್ದಬದ್ದ ಥಯಮಿನ್ನೂ ಖರ್ಚಾಗಿ ಮಿದುಳಿಗೆ ಇನ್ನಷ್ಟು ಪೆಟ್ಟು ಬೀಳಬಹುದು. ಹುಸಿನೆನಪುಗಳ ಚಿಕಿತ್ಸೆಯಲ್ಲಿ ಅಗ್ಗವಾದದ್ದೂ ಗಡಿಬಿಡಿಯಲ್ಲಿ ಆಗಬೇಕಾದದ್ದೂ ಇದೊಂದೇ. ತಡಮಾಡಿದರೆ ಮರೆವು ಶಾಶ್ವತವಾಗಿ ಉಳಿದುಬಿಡಬಹುದು.

ಮಾವನ ತೊಂದರೆಗೆ ಇಂಜೆಕ್ಷನ್ ಇರಲಿಲ್ಲ. ಪೆಟ್ಟು ಬಿದ್ದದ್ದು ಹಣೆಯ ಹಿಂದೆ, ಕಣ್ಣುಗುಡ್ಡೆಗಳ ಮೇಲ್ಗಡೆಯ ಭಾಗಕ್ಕೆ. ಆ ಭಾಗ ಏನು ಮಾಡುತ್ತದೆ ಎಂಬುದನ್ನು ನನಗೆ ಅರ್ಥವಾಗುವ ಹಾಗೆ ತಿಳಿಸಿದ್ದು ಸ್ವಿಟ್ಜರ್ಲೆಂಡಿನ ನರರೋಗ ತಜ್ಞ ಆರ್ಮಿನ್ ಷ್ನಿಡರ್ ಅವರ ಕೆಲಸ. ಅವರ ರೋಗಿ, 58 ವರ್ಷದ ಹೆಂಗಸು, ಮಗುವಿಗೆ ಹಾಲು ಕುಡಿಸಬೇಕು, ನನ್ನನ್ನು ಮನೆಗೆ ಬಿಡಿ ಎಂದು ಹಟ ಹಿಡಿಯುತ್ತಿದ್ದಳು. ಆ ಮಗುವಿಗೆ ಆಗ ಮೂವತ್ತು ದಾಟಿತ್ತು.

ಷ್ನಿಡರ್ ಮತ್ತು ಜೊತೆಗಾರರು 1996ರಲ್ಲಿ ಪ್ರಕಟಿಸಿದ ಪ್ರಯೋಗ ನೋಡುವುದಕ್ಕೆ ಮಕ್ಕಳಾಟದಂತಿದೆ. ಒಂದಾದ ಮೇಲೊಂದು ಚಿತ್ರ ತೋರಿಸುತ್ತಾರೆ, ಕೆಲವು ಮರಳಿ ಬರುತ್ತವೆ, ಮರಳಿ ಬಂದದ್ದನ್ನು ಗುರುತಿಸಬೇಕು. ಒಂದು ಗಂಟೆ ಬಿಟ್ಟು ಅವೇ ಚಿತ್ರಗಳು, ಆದರೆ ಈಗ ಷರತ್ತು ಬೇರೆ: ಈ ಸುತ್ತಿನಲ್ಲಿ ಮರಳಿ ಬಂದದ್ದನ್ನು ಮಾತ್ರ ಹೇಳಿ. ಬರಿಯ ಮರೆವಿನ ರೋಗಿಗಳು ಎರಡು ಸುತ್ತಿನಲ್ಲೂ ಒಂದೇ ತೆರನಾಗಿ ಸೋಲುತ್ತಾರೆ. ಹುಸಿನೆನಪುಗಳ ಬೆನ್ನುಹತ್ತಿ ಹಾಸಿಗೆಯಿಂದ ಎದ್ದುಹೋಗುವವರು ಮಾತ್ರ ಎರಡನೆಯ ಸುತ್ತಿನಲ್ಲಿ 'ಇದು ನೋಡಿದ್ದೇ', 'ಇದೂ ನೋಡಿದ್ದೇ' ಎನ್ನುತ್ತಲೇ ಹೋಗುತ್ತಾರೆ. ನೋಡಿದ್ದೇನೋ ನಿಜ. ಯಾವಾಗ ಎಂಬುದು ಜಾರಿಹೋಗಿರುತ್ತದೆ. ಆರೋಗ್ಯವಂತ ಮಿದುಳು ಒಂದು ನೆನಪು ಎದ್ದ ಕೂಡಲೇ, ಸೆಕೆಂಡಿನ ಮೂರನೇ ಒಂದು ಭಾಗವೂ ಕಳೆಯುವ ಮೊದಲು, ಇದು ಈಗಿನ ವ್ಯವಹಾರಕ್ಕೆ ಸೇರಿದ್ದೋ ಅಲ್ಲವೋ ಎಂದು ಸೋಸಿಬಿಡುತ್ತದಂತೆ. ನಮಗೆ ಅದು ತಿಳಿಯುವುದೂ ಇಲ್ಲ.

ಇದನ್ನು ಓದುವಾಗ ನನಗೆ ಮಾವನ ಮೇಜು ಕಣ್ಣಿಗೆ ಕಟ್ಟಿತು. ಬೇಸಿಗೆ ರಜೆಯಲ್ಲಿ ಅಲ್ಲಿಗೆ ಹೋದರೆ ಬೆಳಿಗ್ಗೆ ಅವರ ಜೊತೆ ಅಂಚೆ ಕಚೇರಿಗೆ ಹೋಗುವುದು ನನ್ನ ಹಕ್ಕಾಗಿತ್ತು. ಬಾಗಿಲು ತೆರೆದ ಮೇಲೆ ಮೊದಲ ಕೆಲಸ ಚೀಲ ಬಿಚ್ಚುವುದಲ್ಲ. ಠಸ್ಸೆಯ ಹೊಟ್ಟೆಯಿಂದ ನಿನ್ನೆಯ ತಾರೀಖಿನ ಅಚ್ಚುಗಳನ್ನು ಚಿಮಟದಿಂದ ತೆಗೆದು ಇವತ್ತಿನದನ್ನು ಕೂರಿಸುವುದು, ಅದಕ್ಕೆಂದೇ ಇದ್ದ ಪುಸ್ತಕದಲ್ಲಿ ಒಮ್ಮೆ ಒತ್ತಿ ನೋಡುವುದು, ಪಕ್ಕದಲ್ಲಿ ಸಹಿ ಹಾಕುವುದು. ಆಮೇಲೆಯೇ ಟಪಾಲು. "ತಾರೀಖು ತಪ್ಪಿದ ಠಸ್ಸೆ ಬಿದ್ದರೆ ಕೋರ್ಟಿನಲ್ಲಿ ಒಬ್ಬನ ಮನೆ ಹೋಗುತ್ತದೆ" ಎಂದು ಹೆದರಿಸುತ್ತಿದ್ದರು. ಅವರ ತಲೆಯಲ್ಲಿ ಈಗ ಟಪಾಲೆಲ್ಲ ಅಸಲಿಯೇ. ಮೊದಲ ಬಸ್ಸು ಅಸಲಿ, ಹೋಟೆಲಿನವನು ಅಸಲಿ, ಪತ್ರೊಡೆ ಅಸಲಿ. ಎಲ್ಲದರ ಮೇಲೂ ಇವತ್ತಿನ ಠಸ್ಸೆ ಬೀಳುತ್ತಿತ್ತು.

ಎಲ್ಲ ಹುಸಿನೆನಪುಗಳನ್ನೂ ಈ ಒಂದು ವಿವರಣೆ ಮುಚ್ಚುವುದಿಲ್ಲ ಎನ್ನುವವರೂ ಇದ್ದಾರೆ. ಮಾಸ್ಕೋವಿಚ್ ಅವರದು ಬೇರೆಯೇ ದಾರಿ: ನೆನಪನ್ನು ಹುಡುಕಿ ತೆಗೆಯುವ, ತೆಗೆದದ್ದನ್ನು ತಾಳೆ ನೋಡುವ ಕೆಲಸವೇ ಕೆಟ್ಟಿರುತ್ತದೆ ಎನ್ನುತ್ತಾರೆ. ಲಂಡನ್ನಿನ ಮನೋವೈದ್ಯ ಮೈಕೆಲ್ ಕೋಪಲ್‌ಮನ್ 1987ರಲ್ಲಿ, ಕೇಳಿದಾಗ ಮಾತ್ರ ಹೊರಬರುವ ಹುಸಿನೆನಪು ಬೇರೆ, ತಾನಾಗಿ ಉಕ್ಕಿ ಮನುಷ್ಯನನ್ನು ಎಬ್ಬಿಸಿ ಓಡಿಸುವುದು ಬೇರೆ ಎಂದು ವಿಂಗಡಿಸಿದರು. ಮೊದಲನೆಯದು ನಮ್ಮೆಲ್ಲರಲ್ಲೂ ಸ್ವಲ್ಪ ಇದೆ. ಅಜ್ಜಿಮನೆಯ ಹಳೆಯ ಕೊಟ್ಟಿಗೆಗೆ ಬೆಂಕಿ ಬಿದ್ದ ರಾತ್ರಿ ನಾನು ಅಮ್ಮನ ಸೊಂಟದ ಮೇಲಿದ್ದು ನೋಡಿದ್ದನ್ನು ಎಷ್ಟೋ ಜನರಿಗೆ ಹೇಳಿದ್ದೇನೆ, ಹೊಗೆಯ ವಾಸನೆಯ ಸಮೇತ. ಆ ಬೆಂಕಿ ಬಿದ್ದದ್ದು ನಾನು ಹುಟ್ಟುವ ಎರಡು ವರ್ಷ ಮೊದಲು ಎಂದು ಅಕ್ಕ ಲೆಕ್ಕ ಹಾಕಿ ತೋರಿಸಿದಳು. ಹೊಗೆಯ ವಾಸನೆ ಇನ್ನೂ ಹೋಗಿಲ್ಲ.

ಮನೆಯಲ್ಲಿ ನಿಜವಾದ ಜಗಳ ನಡೆದದ್ದು ಸಿದ್ಧಾಂತದ ಮೇಲಲ್ಲ. ಅವರು ಹೇಳಿದ್ದಕ್ಕೆ ಏನು ಉತ್ತರ ಕೊಡುವುದು? ಅತ್ತೆ ಎಲ್ಲಕ್ಕೂ ಹೂಂಗುಟ್ಟುವ ಪಕ್ಷ. "ಪಾಪ, ಹೌದು ಎಂದರೆ ನಮ್ಮ ಗಂಟೇನು ಹೋಗುತ್ತದೆ?" ಎನ್ನುವರು. ಅವರ ಮಗ, ಅಂದರೆ ನನ್ನ ಭಾವ, ತಿದ್ದುವ ಪಕ್ಷ. ಅಪ್ಪ, ನೀವು ರಿಟೈರ್ ಆಗಿದ್ದೀರಿ, ಅಪ್ಪ, ಇದು ಬೆಂಗಳೂರು, ಅಪ್ಪ, ಅಪ್ಪ ಎಂದು ದಿನಕ್ಕೆ ನಲವತ್ತು ಸಲ. ಹೂಂಗುಟ್ಟಿದ ಫಲ ಮೂರನೆಯ ವಾರ ಕಂಡಿತು. ಆಫೀಸಿಗೆ ಹೊತ್ತಾಯಿತು ಎಂದಾಗ ಅತ್ತೆ "ಆಯಿತು, ಹೋಗಿ ಬನ್ನಿ" ಎಂದು ಒಗ್ಗರಣೆಗೆ ತಿರುಗಿದ್ದಾರೆ, ಇವರು ಹೋಗಿಯೇಬಿಟ್ಟರು. ಎರಡು ಗಂಟೆಯ ಮೇಲೆ ಬಸ್ ನಿಲ್ದಾಣವೊಂದರಲ್ಲಿ, ತೀರ್ಥಹಳ್ಳಿ ಬಸ್ಸು ಏಕೆ ಬಂದಿಲ್ಲ ಎಂದು ಸಿಕ್ಕವರನ್ನೆಲ್ಲ ಕೇಳುತ್ತ ನಿಂತಿದ್ದರು. ಇನ್ನು ತಿದ್ದುವುದರ ಫಲ ನೋಡಿದ್ದು ಅಜ್ಜಿಯ ವಿಷಯದಲ್ಲಿ. ಮಾವನ ತಾಯಿ, ನನ್ನ ಅಜ್ಜಿ, 1994ರಲ್ಲಿ ಹೋದವರು. ಅಮ್ಮನಿಗೆ ಔಷಧಿ ಕೊಟ್ಟಿರಾ ಎಂದು ಮಾವ ಕೇಳಿದಾಗ ಭಾವ ನಿಜ ಹೇಳಿದ. ಮಾವ ಆಗಷ್ಟೇ ಸುದ್ದಿ ಕೇಳಿದವರಂತೆ ಗೋಡೆ ಹಿಡಿದು ಕುಸಿದರು, ಯಾರೂ ನನಗೆ ತಿಳಿಸಲಿಲ್ಲವಲ್ಲ ಎಂದು ಅತ್ತರು. ಸಂಜೆಗೆ ಮರೆತಿದ್ದರು. ಮರುದಿನ ಮತ್ತೆ ಕೇಳಿದರು. ಭಾವ ನನ್ನ ಮುಖ ನೋಡಿದ.

ನಮಗೆ ದಾರಿ ತೋರಿಸಿದವರು ಒಬ್ಬ ನ್ಯೂರೋಸೈಕಾಲಜಿಸ್ಟ್, ಅಂದರೆ ಮಿದುಳಿನ ಪೆಟ್ಟಿನಿಂದ ನೆನಪಿಗೂ ಯೋಚನೆಗೂ ಏನಾಗಿದೆ ಎಂದು ಅಳೆದು ತರಬೇತಿ ಕೊಡುವ ಮನೋವಿಜ್ಞಾನಿ. ಆಪರೇಷನ್ ಮಾಡಿದ ಆಸ್ಪತ್ರೆಯವರು ಅಂಥವರನ್ನು ಕಾಣಿ ಎಂದು ಹೇಳಿರಲಿಲ್ಲ, ಡಿಸ್ಚಾರ್ಜ್ ಕಾಗದದಲ್ಲಿ ಗಾಯದ ಹೊಲಿಗೆಯ ಬಗ್ಗೆ ಅರ್ಧ ಪುಟ ಇತ್ತು, ಇದರ ಬಗ್ಗೆ ಒಂದು ಸಾಲಿರಲಿಲ್ಲ. ನಾವಾಗಿ ಹುಡುಕಿಕೊಂಡು ಹೋದದ್ದು. ಅವರು ಎರಡು ದಿನ ಪರೀಕ್ಷೆ ಮಾಡಿದರು. ಬೆಂಗಳೂರಿನ ನಿಮ್ಹಾನ್ಸ್ 2004ರಲ್ಲಿ ಹೊರತಂದ ಪರೀಕ್ಷೆಗಳ ಮಾಲೆಯೊಂದಿದೆ, ಅದರ ಅಳತೆಗಳು ವಯಸ್ಸು, ಓದು ನೋಡಿ ನಮ್ಮವರಿಗಾಗಿಯೇ ಮಾಡಿದವು. ಎಸ್ಸೆಸ್ಸೆಲ್ಸಿ ಓದಿದ ಮಾವನನ್ನು ಯಾವುದೋ ದೇಶದ ಪದವೀಧರರ ಪಕ್ಕ ನಿಲ್ಲಿಸಿ ದಡ್ಡ ಎಂದು ಬರೆಯುವ ಭಯ ಅದರಲ್ಲಿಲ್ಲ. ಫಲಿತಾಂಶ ತೋರಿಸುತ್ತ ಆಕೆ ಹೇಳಿದ ಮೊದಲ ಮಾತು: "ಪ್ರಶ್ನೆ ಕೇಳುವುದನ್ನು ಕಡಿಮೆ ಮಾಡಿ." ಬಂದವರೆಲ್ಲ ನಾನು ಯಾರು ಹೇಳಿ, ನಿನ್ನೆ ಏನಾಯಿತು ಹೇಳಿ ಎಂದು ಮಾವನಿಗೆ ಪರೀಕ್ಷೆ ಒಡ್ಡುತ್ತಿದ್ದರಲ್ಲ, ಪ್ರತಿಯೊಂದು ಪ್ರಶ್ನೆಯೂ ಒಂದು ಹುಸಿನೆನಪನ್ನು ಕರೆದು ಕೂರಿಸುತ್ತಿತ್ತು.

ಎರಡನೆಯದು ಅಜ್ಜಿಯ ಬಗ್ಗೆ. ಬದುಕಿದ್ದಾರೆ ಎನ್ನಬೇಡಿ, ಸತ್ತ ಸುದ್ದಿಯನ್ನು ದಿನಾ ಹೊಸದಾಗಿ ಮುಟ್ಟಿಸಲೂ ಬೇಡಿ, ಅಮ್ಮ ನೆನಪಾದರೇ ಎಂದು ಕೇಳಿ ಎಂದರು. ಕೇಳಿದೆ. ಮಾವ ಅಜ್ಜಿಯ ಅಪ್ಪೆಹುಳಿಯ ಬಗ್ಗೆ ಅರ್ಧ ಗಂಟೆ ಮಾತಾಡಿದರು. ಔಷಧಿಯ ಮಾತು ಮತ್ತೆ ಬರಲಿಲ್ಲ, ಆ ದಿನದ ಮಟ್ಟಿಗೆ.

ಮೂರನೆಯದು ತರಬೇತಿ. ಸ್ಪೇನಿನ ಗ್ರನಾಡಾದಲ್ಲಿ ಮೋನಿಕಾ ತ್ರಿವಿನ್ಯೊ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಚಿಕಿತ್ಸೆಯ ದಾರಿಯಲ್ಲೇ ಆಕೆ ಹೋಗುತ್ತಿದ್ದರು. ಅಲ್ಲಿ ಮಿದುಳಿನ ಪೆಟ್ಟಿನಿಂದ ಹುಸಿನೆನಪು ಬರುತ್ತಿದ್ದ 20 ಜನರಿದ್ದರು, ಒಬ್ಬೊಬ್ಬರಿಗೆ 9 ಸಲ ತರಬೇತಿ. ಸಣ್ಣದೊಂದು ವಿಷಯ ಕೊಡುತ್ತಾರೆ, ಕೂಡಲೇ ಕೇಳುತ್ತಾರೆ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳುತ್ತಾರೆ, ಆಮೇಲೆ ಅವರ ತಪ್ಪು ಉತ್ತರವನ್ನೂ ಸರಿ ಉತ್ತರವನ್ನೂ ಎದುರಿಗಿಡುತ್ತಾರೆ. ಇಷ್ಟೇ. ಮಾತ್ರೆಯಿಲ್ಲ, ಯಂತ್ರವಿಲ್ಲ. ಹುಸಿನೆನಪುಗಳು ಇಳಿದವು, ದಿನದ ಬದುಕಿನಲ್ಲೂ ಇಳಿದವು. ಮೊದಲಿಗೆ ಚಿಕಿತ್ಸೆ ಕೊಡದೆ ಕಾಯಿಸಿದ ಗುಂಪಿನಲ್ಲಿ ಹಾಗೆ ಇಳಿಯಲಿಲ್ಲ. ಇಪ್ಪತ್ತು ಜನ ಎಂದರೆ ಒಂದು ಮಿನಿ ಬಸ್ಸಿನಷ್ಟು, ದೊಡ್ಡ ಮಾತಾಡಲು ಸಾಲದು. ಆದರೂ ಈ ಕ್ಷೇತ್ರದಲ್ಲಿ ಒಬ್ಬಿಬ್ಬರ ಕತೆಗಳೇ ಹೆಚ್ಚಾಗಿರುವಾಗ ಅಷ್ಟೂ ದೊಡ್ಡದೇ.

ನನಗೆ ಒಂದು ಸಂಶಯವಿತ್ತು. ಮರೆವಿನ ರೋಗಿಗಳಿಗೆ ಕಲಿಸುವಾಗ ತಪ್ಪು ಮಾಡಲು ಬಿಡಲೇಬಾರದು ಎಂದು ಓದಿದ್ದೆ. ಬ್ರಿಟನ್ನಿನ ಮನೋವಿಜ್ಞಾನಿಗಳಾದ ಅಲನ್ ಬ್ಯಾಡ್ಲಿ ಮತ್ತು ಬಾರ್ಬರಾ ವಿಲ್ಸನ್ 1994ರಲ್ಲಿ ತೋರಿಸಿದ ಸಂಗತಿ ಅದು: ತಪ್ಪಾಗಿ ಊಹಿಸಿದ್ದೇ ತಲೆಯಲ್ಲಿ ಕೂರುತ್ತದೆ, ತಿದ್ದಿದ್ದು ಕೂರುವುದಿಲ್ಲ. ಹಾಗಿದ್ದರೆ ತಪ್ಪನ್ನು ಎದುರಿಗಿಡುವುದು ಸರಿಯೇ? ಆಕೆ ನಕ್ಕು, "ಬಚ್ಚಲು ಎಲ್ಲಿದೆ ಎಂದು ಕಲಿಸುವಾಗ ತಪ್ಪಲು ಬಿಡಬೇಡಿ, ಬಾಗಿಲಿಗೆ ಚೀಟಿ ಅಂಟಿಸಿ. ಆದರೆ ತನ್ನ ತಲೆ ತನ್ನನ್ನು ತಪ್ಪಿಸುತ್ತಿದೆ ಎಂಬುದನ್ನು ಅವರು ಬೇರೆ ಹೇಗೆ ಕಲಿಯಬೇಕು? ಅವರಮ್ಮನ ವಿಷಯದಲ್ಲಿ ಬೇಡ, ಅಡಿಕೆ ಧಾರಣೆಯಲ್ಲಿ ತಪ್ಪಲಿ. ಅಲ್ಲಿ ತಪ್ಪಿದರೆ ಯಾರೂ ಸಾಯುವುದಿಲ್ಲ" ಎಂದರು. ಇದಕ್ಕಿಂತ ಬುದ್ಧಿವಂತ ಮಾತನ್ನು ಆ ವರ್ಷ ನಾನು ಕೇಳಲಿಲ್ಲ.

ನಿಜಕ್ಕೂ ಅಡಿಕೆ ಧಾರಣೆಯೇ. ಪತ್ರಿಕೆಯಿಂದ ನಾಲ್ಕು ಸಾಲಿನ ಸುದ್ದಿ ಕತ್ತರಿಸಿ ಕೊಡುತ್ತಿದ್ದೆ, ಓದಿ ಮಡಿಸಿಡುತ್ತಿದ್ದರು. ಮೂರು ಪ್ರಶ್ನೆ, ಉತ್ತರವನ್ನು ಅವರೇ ಬರೆಯಬೇಕು. ಹತ್ತು ನಿಮಿಷ ಬಿಟ್ಟು ಮತ್ತೆ. ಮೊದಲ ದಿನ ರಾಶಿ ಅಡಿಕೆಯ ಬೆಲೆ ಸರಿಯಾಗಿಯೇ ಬರೆದು, ಕೆಳಗೆ 'ಈ ದಿನ ಮಂಡಿಯಲ್ಲಿ ನಾನೂ ಇದ್ದೆ, ವಿಪರೀತ ರಶ್ಶು' ಎಂದು ಸೇರಿಸಿದ್ದರು. ಆಮೇಲೆ ಕತ್ತರಿಸಿದ ಸುದ್ದಿಯನ್ನೂ ಅವರ ಹಾಳೆಯನ್ನೂ ಪಕ್ಕಪಕ್ಕ ಇಟ್ಟು ಕೈಗೆ ಕೆಂಪು ಪೆನ್ಸಿಲ್ ಕೊಟ್ಟೆ. ಅಲ್ಲಿ ನಾನು ಎಣಿಸದಿದ್ದ ಒಂದು ಆಯಿತು. ಮೂರು ದಶಕ ಬೇರೆಯವರ ಮನಿಯಾರ್ಡರ್ ಫಾರಂಗಳಲ್ಲಿ ತಪ್ಪು ಹುಡುಕಿದ ಮನುಷ್ಯ ಕನ್ನಡಕ ಏರಿಸಿಕೊಂಡು ಬೆನ್ನು ನೆಟ್ಟಗೆ ಮಾಡಿ ಕುಳಿತರು. ಒಂದೊಂದೇ ಸಾಲು ತಾಳೆ ನೋಡಿದರು. ಮಂಡಿಯ ಸಾಲಿಗೆ ಬಂದು ಅಡ್ಡಗೀಟು ಎಳೆದು, "ಯಾರು ಬರೆದದ್ದು ಇದು? ಮೂಲದಲ್ಲಿ ಇಲ್ಲದ್ದು! ಎಂಥ ಬೇಜವಾಬ್ದಾರಿ" ಎಂದು ಗದರಿದರು. ನೀವೇ ಮಾವ, ಎಂದೆ. ಕೈಬರಹವನ್ನು ಬಹಳ ಹೊತ್ತು ನೋಡಿದರು. ಸಿಟ್ಟಾಗಲಿಲ್ಲ. ಆ ಹಾಳೆಯನ್ನು ಮಡಿಸಿ ಜೇಬಿನಲ್ಲಿ ಇಟ್ಟುಕೊಂಡರು.

ಏಪ್ರಿಲ್ ಕಳೆದು ಮೇ ಮುಗಿಯುವಷ್ಟರಲ್ಲಿ ಕೆಂಪು ಗೀಟುಗಳು ಕಡಿಮೆಯಾದವು. ಇದು ತರಬೇತಿಯ ಫಲವೋ ಬರಿಯ ಕಾಲದ ಫಲವೋ ಎಂದು ಒಬ್ಬ ಮಾವನನ್ನು ಇಟ್ಟುಕೊಂಡು ಹೇಳಲಾಗದು. ಇಂಥ ರೋಗಿಗಳಲ್ಲಿ ಬಹಳ ಮಂದಿ ಕೆಲವು ತಿಂಗಳಲ್ಲಿ ತಾವಾಗಿಯೇ ಸುಧಾರಿಸುತ್ತಾರೆ, ಪೆಟ್ಟು ಆಳವಾಗಿ ಬಿದ್ದ ಕೆಲವರು ವರ್ಷಗಟ್ಟಲೆ ಹಾಗೆಯೇ ಉಳಿಯುತ್ತಾರೆ. ಸುಧಾರಿಸಿದ ಮೇಲೆ ಮಾವ ಮೊದಲಿಗಿಂತ ಮಂಕಾದರು ಎಂಬುದನ್ನೂ ಬರೆಯಬೇಕು. ಹುಸಿನೆನಪುಗಳು ಬಹುಮಟ್ಟಿಗೆ ಇರುವ ಸ್ಥಿತಿಗಿಂತ ಹಿತವಾದವೇ ಆಗಿರುತ್ತವೆ ಎಂದು ಮನೋವಿಜ್ಞಾನಿ ಕತೆರೀನಾ ಫೊಟೊಪುಲು ಮತ್ತು ಜೊತೆಗಾರರ ಅಧ್ಯಯನಗಳು ಹೇಳುತ್ತವೆ. ಅಂಚೆ ಕಚೇರಿ, ಬದುಕಿರುವ ತಾಯಿ, ಮೊದಲ ಬಸ್ಸು, ಇವನ್ನೆಲ್ಲ ಬಿಟ್ಟು ಅವರು ಬಂದದ್ದು ಬೆಂಗಳೂರಿನ ಮೂರನೇ ಮಹಡಿಯ ಬಾಡಿಗೆ ಮನೆಗೆ, ತಲೆಯಲ್ಲಿ ಕ್ಲಿಪ್ ಇಟ್ಟುಕೊಂಡು. ಅತ್ತೆ ಒಂದು ದಿನ, "ಆಗಲೇ ಖುಷಿಯಾಗಿದ್ದರು" ಎಂದರು. ನಾನು ವಾದಿಸಲಿಲ್ಲ.

ಮಳೆ ಹಿಡಿದ ಮೇಲೆ ಊರಿಗೆ ಕರೆದುಕೊಂಡು ಹೋದೆವು. ಜುಲೈಯ ಒಂದು ಬೆಳಿಗ್ಗೆ ಕಾಫಿ ಕುಡಿಯುತ್ತ ಮಾವ ಥಟ್ಟನೆ ಲೋಟ ಕೆಳಗಿಟ್ಟು, "ನಾನು ರಿಟೈರ್ ಆಗಿ ಎಷ್ಟು ವರ್ಷವಾಯಿತು?" ಎಂದರು. ನಾನು ಬಾಯಿ ತೆರೆಯುವ ಮೊದಲೇ ಕೈ ಎತ್ತಿ, "ತಡೆ, ಹೇಳಬೇಡ" ಎಂದು ಎದ್ದರು. ಜಗಲಿಗೆ ಹೋಗಿ ಫೋಟೊದ ಕೆಳಗಿನ ತಾರೀಖು ನೋಡಿದರು. ಪಕ್ಕದ ಕ್ಯಾಲೆಂಡರ್ ನೋಡಿದರು. ಬೆರಳು ಮಡಿಸಿ ಎಣಿಸಿದರು.

"ಆರು" ಎಂದರು ಒಳಗೆ ಬಂದು. ಲೋಟ ಎತ್ತಿಕೊಂಡು ಒಂದು ಗುಟುಕು ಕುಡಿದು, "ಹಾಗಾದರೆ ನಿನ್ನೆ ನನಗೆ ತಂತಿ ಕೊಟ್ಟು ಹೋದವನು ಯಾರು?" ಎಂದು ನನ್ನನ್ನೇ ನೋಡಿದರು.